ಅವಸರ ಎಲ್ಲಿ, ತಾಳ್ಮೆ ಎಲ್ಲಿ? ಪಾರ್ಶ್ವವಾಯು ಮತ್ತು ಕಿರಿದಾದ ರಕ್ತನಾಳಗಳ ಚಿಕಿತ್ಸೆ

2025ರ ನವೆಂಬರ್ ತಿಂಗಳಲ್ಲಿ ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ 'ಕ್ರೆಸ್ಟ್-2' ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಮೆದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ನಾಳ ಬಹಳಷ್ಟು ಕಿರಿದಾಗಿದ್ದರೂ ಪಾರ್ಶ್ವವಾಯುವಿನ ಯಾವ ಲಕ್ಷಣವೂ ಕಾಣಿಸಿಕೊಳ್ಳದವರಿಗೆ ಯಾವ ಚಿಕಿತ್ಸೆ ಒಳ್ಳೆಯದು ಎಂಬುದೇ ಅದರ ಪ್ರಶ್ನೆಯಾಗಿತ್ತು. ಔಷಧದ ಜೊತೆಗೆ ನಾಳದೊಳಗೆ ಸ್ಟೆಂಟ್ ಕೂಡ ಇರಿಸಿಕೊಂಡವರಲ್ಲಿ, ಬರೀ ಔಷಧ ಪಡೆದವರಿಗಿಂತ ಪಾರ್ಶ್ವವಾಯು ಕಡಿಮೆ ಕಂಡುಬಂತು. ಕುತ್ತಿಗೆ ಕೊಯ್ದು ನಾಳವನ್ನು ಶುಚಿಗೊಳಿಸಿಕೊಂಡವರಲ್ಲಿ ಅಂಥ ಖಚಿತ ಲಾಭ ಕಾಣಲಿಲ್ಲ.

ಇದನ್ನು ಓದಿದವರಿಗೆ, ಇನ್ನು ನಾಳ ಕಿರಿದಾಗಿರುವ ಎಲ್ಲರೂ ಸ್ಟೆಂಟ್ ಹಾಕಿಸಿಕೊಳ್ಳುವುದೇ ಸರಿ ಎಂದು ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ವಿಷಯದಲ್ಲಿ ಕಳೆದ ಏಳು ದಶಕಗಳ ಅನುಭವ ಬೇರೆಯೇ ಪಾಠ ಹೇಳುತ್ತದೆ. ನಾವು ಸಾಮಾನ್ಯವಾಗಿ ತಾಳ್ಮೆ ಬೇಕಾದಲ್ಲಿ ಅವಸರಪಡುತ್ತೇವೆ, ಅವಸರ ಬೇಕಾದಲ್ಲಿ ಕಾಯುತ್ತಾ ಕುಳಿತುಕೊಳ್ಳುತ್ತೇವೆ. ಮನೆಯ ಹಿರಿಯರೊಬ್ಬರ ಕೈಕಾಲು ಮತ್ತು ಮಾತು ಉಳಿಯುವುದೂ ಕಳೆದುಹೋಗುವುದೂ ಅನೇಕ ಬಾರಿ ಈ ಎರಡರ ನಡುವಿನ ವ್ಯತ್ಯಾಸವನ್ನು ತಿಳಿದಿರುವುದರ ಮೇಲೆ ನಿಂತಿದೆ.

ಕಿರಿದಾದ ನಾಳ ಮಾಡುವುದೇನು?

ಅಡಿಕೆ ತೋಟದ ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ನೀರು ಕಡಿಮೆಯಾಗುತ್ತದೆ, ಕಸ ತೆಗೆದರೆ ನೀರು ಸರಿಯಾಗಿ ಹರಿಯುತ್ತದೆ. ರಕ್ತನಾಳವನ್ನೂ ನಾವು ಹೀಗೆಯೇ ಭಾವಿಸುತ್ತೇವೆ. ವಾಸ್ತವದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆ ಬರುವುದು ನೀರು ಕಡಿಮೆಯಾದುದರಿಂದ ಅಲ್ಲ, ಕಸದ ಚೂರು ಕಳಚಿ ಮುಂದೆ ಹೋಗುವುದರಿಂದ. ಕುತ್ತಿಗೆಯ ಎರಡೂ ಬದಿಯಲ್ಲಿ ಕ್ಯಾರೋಟಿಡ್ ಎಂಬ ಅಪಧಮನಿಗಳಿವೆ. ದವಡೆಯ ಕೆಳಗೆ ಅವು ಕವಲೊಡೆಯುವಲ್ಲಿ ಕೊಬ್ಬು ಮತ್ತು ಸುಣ್ಣದ ಅಂಶ ಪದರಪದರವಾಗಿ ಕೂರುತ್ತದೆ. ಆ ಪದರ ಬಿರಿದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಒಂದು ಚೂರು ರಕ್ತದ ಹರಿವಿನೊಂದಿಗೆ ಮೆದುಳಿಗೆ ಸಾಗಿ ಸಣ್ಣ ನಾಳವೊಂದನ್ನು ಮುಚ್ಚಿದರೆ ಅದೇ ಪಾರ್ಶ್ವವಾಯು.

ಮೆದುಳಿನ ಬುಡದಲ್ಲಿ ಎಡಬಲದ ನಾಳಗಳು ಒಂದಕ್ಕೊಂದು ಸೇರಿ ಉಂಗುರದಂತೆ ಇರುವುದರಿಂದ ಒಂದು ಬದಿಯ ಹರಿವು ಕಡಿಮೆಯಾದರೆ ಇನ್ನೊಂದು ಬದಿ ಸಹಾಯಕ್ಕೆ ಬರುತ್ತದೆ. ಆದ್ದರಿಂದಲೇ ಒಂದು ಕ್ಯಾರೋಟಿಡ್ ಪೂರ್ತಿ ಮುಚ್ಚಿಹೋಗಿದ್ದರೂ ಏನೂ ತೊಂದರೆಯಿಲ್ಲದೆ ಓಡಾಡುವವರಿದ್ದಾರೆ. ಅರ್ಧ ಮಾತ್ರ ಕಿರಿದಾಗಿದ್ದರೂ ಅದರ ಮೇಲಿನ ಪದರ ಬಿರಿದು ಪಾರ್ಶ್ವವಾಯು ಆದವರೂ ಇದ್ದಾರೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಬರೆದಿರುವ ಶೇಕಡಾವಾರು ಲೆಕ್ಕ ಮುಖ್ಯವೇ ಹೌದು, ಆದರೆ ಅದೊಂದೇ ತೀರ್ಪು ಕೊಡಲಾರದು.

ಶಸ್ತ್ರಚಿಕಿತ್ಸೆಯ ಏಳುಬೀಳು

ಕುತ್ತಿಗೆಯ ನಾಳದ ಕಾಯಿಲೆಗೂ ಪಾರ್ಶ್ವವಾಯುವಿಗೂ ಇರುವ ನಂಟನ್ನು 1951ರಲ್ಲಿ ಕೆನಡಾದ ನರರೋಗ ತಜ್ಞ ಮಿಲ್ಲರ್ ಫಿಷರ್ ಸ್ಪಷ್ಟವಾಗಿ ವಿವರಿಸಿದರು. 1953ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮೈಕಲ್ ಡಿಬೇಕಿ ನಾಳವನ್ನು ತೆರೆದು ಒಳಗಿನ ಪದರವನ್ನು ಸುಲಿದು ತೆಗೆದರು. 1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್, ಪಿಕರಿಂಗ್ ಮತ್ತು ರಾಬ್ ಎಂಬ ವೈದ್ಯರು, ಮೇಲಿಂದ ಮೇಲೆ ಲಘು ಪಾರ್ಶ್ವವಾಯುವಿಗೆ ತುತ್ತಾಗುತ್ತಿದ್ದ ಮಹಿಳೆಯೊಬ್ಬರ ನಾಳದ ಕಿರಿದಾದ ಭಾಗವನ್ನೇ ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಜೋಡಿಸಿದರು. ಅಲ್ಲಿಂದ ಮುಂದೆ ಈ ಶಸ್ತ್ರಚಿಕಿತ್ಸೆ ಜನಪ್ರಿಯವಾಯಿತು. 1985ರ ಹೊತ್ತಿಗೆ ಅಮೆರಿಕ ಒಂದರಲ್ಲೇ ವರ್ಷಕ್ಕೆ 1 ಲಕ್ಷಕ್ಕೂ ಹೆಚ್ಚು ಮಂದಿಗೆ ಇದನ್ನು ಮಾಡಲಾಗುತ್ತಿತ್ತು.

ಇದರಿಂದ ನಿಜವಾಗಿ ಎಷ್ಟು ಜನರಿಗೆ ಉಪಕಾರವಾಗಿದೆ ಎಂದು ಕೇಳಿದಾಗ ಆಗ ಗಟ್ಟಿ ಉತ್ತರ ಇರಲಿಲ್ಲ. ಆ ಉತ್ತರ ಬಂದದ್ದು 1991ರಲ್ಲಿ, 'ನ್ಯಾಸೆಟ್' ಎಂಬ ಅಧ್ಯಯನದಿಂದ. ಪಾರ್ಶ್ವವಾಯುವಿನ ಲಕ್ಷಣ ಈಗಾಗಲೇ ಕಂಡಿದ್ದು, ಅದೇ ಬದಿಯ ನಾಳ ಶೇ. 70ರಿಂದ 99ರಷ್ಟು ಕಿರಿದಾಗಿದ್ದವರನ್ನು ಎರಡು ಗುಂಪು ಮಾಡಲಾಯಿತು. ಎರಡು ವರ್ಷಗಳಲ್ಲಿ ಬರೀ ಔಷಧ ಪಡೆದವರಲ್ಲಿ ಶೇ. 26 ಮಂದಿಗೆ ಅದೇ ಬದಿಯ ಪಾರ್ಶ್ವವಾಯು ಬಂತು. ಶಸ್ತ್ರಚಿಕಿತ್ಸೆ ಆದವರಲ್ಲಿ ಅದು ಶೇ. 9 ಮಾತ್ರ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಈ ಗುಂಪಿನ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಶೇ. 50ರಿಂದ 69ರಷ್ಟು ಕಿರಿದಾಗಿದ್ದವರಲ್ಲಿ ಲಾಭ ಸಾಧಾರಣ, ಶೇ. 50ಕ್ಕಿಂತ ಕಡಿಮೆ ಇದ್ದವರಲ್ಲಿ ಲಾಭವೇ ಇಲ್ಲ ಎಂದು 1998ರಲ್ಲಿ ಅದೇ ತಂಡ ತಿಳಿಸಿತು.

ಇನ್ನೊಂದು ಶಸ್ತ್ರಚಿಕಿತ್ಸೆಯ ಕಥೆ ಹೀಗಾಗಲಿಲ್ಲ. ನಾಳ ಪೂರ್ತಿ ಮುಚ್ಚಿಹೋದವರಿಗೆ ನೆತ್ತಿಯ ಚರ್ಮದ ನಾಳವೊಂದನ್ನು ತಲೆಬುರುಡೆಯೊಳಗಿನ ನಾಳಕ್ಕೆ ಜೋಡಿಸುವ ಬೈಪಾಸ್ ಕ್ರಮ 1967ರಲ್ಲಿ ಆರಂಭವಾಗಿತ್ತು. ಹೃದಯದ ಬೈಪಾಸ್‌ನಂತೆಯೇ ಇದೂ ಫಲ ಕೊಡುತ್ತದೆಂದು ಎಲ್ಲರೂ ನಂಬಿದ್ದರು. 1985ರಲ್ಲಿ 1,377 ರೋಗಿಗಳ ಅಧ್ಯಯನ ಪ್ರಕಟವಾದಾಗ ಪಾರ್ಶ್ವವಾಯು ತಡೆಯುವುದರಲ್ಲಿ ಅದರಿಂದ ಪ್ರಯೋಜನವಿಲ್ಲ ಎಂದು ತಿಳಿಯಿತು. 2011ರಲ್ಲಿ ಅಮೆರಿಕದಲ್ಲಿ, 2023ರಲ್ಲಿ ಚೀನಾದಲ್ಲಿ ಇನ್ನಷ್ಟು ಎಚ್ಚರದಿಂದ ರೋಗಿಗಳನ್ನು ಆರಿಸಿ ನೋಡಿದಾಗಲೂ ಫಲಿತಾಂಶ ಬದಲಾಗಲಿಲ್ಲ. "ನಾಳ ಶೇ. 100 ಬ್ಲಾಕ್ ಆಗಿದೆ, ಆದರೂ ಡಾಕ್ಟರು ಏನೂ ಮಾಡುವುದಿಲ್ಲ ಎನ್ನುತ್ತಾರೆ" ಎಂದು ಕೆಲವು ಕುಟುಂಬಗಳು ನೊಂದುಕೊಳ್ಳುವುದುಂಟು. ಅದು ವೈದ್ಯರ ಉದಾಸೀನವಲ್ಲ. ದೀರ್ಘಕಾಲದಿಂದ ಪೂರ್ತಿ ಮುಚ್ಚಿದ ನಾಳದಿಂದ ಹೊಸ ಚೂರು ಹೊರಡುವ ಸಂಭವ ಕಡಿಮೆ. ಅದನ್ನು ಕೆದಕುವುದರಿಂದ ಅಪಾಯವೇ ಹೆಚ್ಚು.

ಸ್ಟೆಂಟ್ ಬಂದ ಮೇಲೆ

ತೊಡೆಸಂದಿಯ ಅಥವಾ ಮಣಿಕಟ್ಟಿನ ನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಕಿರಿದಾದ ಜಾಗದಲ್ಲಿ ಬಲೂನ್ ಉಬ್ಬಿಸಿ, ಲೋಹದ ಜಾಲರಿಯನ್ನು ಕೂರಿಸುವುದೇ ಸ್ಟೆಂಟ್ ಚಿಕಿತ್ಸೆ. ಕುತ್ತಿಗೆಯಲ್ಲಿ ಗಾಯವಿಲ್ಲ, ಹೆಚ್ಚಾಗಿ ಪೂರ್ತಿ ಅರಿವಳಿಕೆಯೂ ಬೇಕಿಲ್ಲ. ಇದು ಕತ್ತರಿಗಿಂತ ಸುಲಭ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸುಲಭವೆಂದ ಮಾತ್ರಕ್ಕೆ ಸುರಕ್ಷಿತ ಎಂದಾಗುವುದಿಲ್ಲ. ಕೊಳವೆ ಸಾಗುವಾಗಲೂ ಬಲೂನ್ ಉಬ್ಬುವಾಗಲೂ ಪದರದ ಚೂರುಗಳು ಕಳಚಬಹುದು. ಅದಕ್ಕಾಗಿ ಮುಂಭಾಗದಲ್ಲಿ ಕೊಡೆಯಂಥ ಸಣ್ಣ ಜರಡಿಯನ್ನು ಇರಿಸುತ್ತಾರೆ.

2010ರಲ್ಲಿ ಪ್ರಕಟವಾದ ಮೊದಲ 'ಕ್ರೆಸ್ಟ್' ಅಧ್ಯಯನದಲ್ಲಿ 2,502 ಮಂದಿ ಇದ್ದರು. ನಾಲ್ಕು ವರ್ಷಗಳ ಒಟ್ಟು ಲೆಕ್ಕದಲ್ಲಿ ಎರಡೂ ಚಿಕಿತ್ಸೆ ಸಮಸಮವಾಗಿದ್ದವು. ಸ್ಟೆಂಟ್ ಗುಂಪಿನಲ್ಲಿ ಶೇ. 7.2, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 6.8 ಮಂದಿಗೆ ತೊಂದರೆಯಾಗಿತ್ತು. ಆದರೆ ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಸ್ಟೆಂಟ್‌ನಿಂದ ಪಾರ್ಶ್ವವಾಯು ಹೆಚ್ಚು (ಶೇ. 4.1ಕ್ಕೆ ಎದುರಾಗಿ 2.3), ಶಸ್ತ್ರಚಿಕಿತ್ಸೆಯಿಂದ ಹೃದಯಾಘಾತ ಹೆಚ್ಚು (ಶೇ. 2.3ಕ್ಕೆ ಎದುರಾಗಿ 1.1) ಕಂಡುಬಂತು. ವಯಸ್ಸಿನ ಲೆಕ್ಕವೂ ಇಲ್ಲಿ ಮುಖ್ಯ. ಸುಮಾರು 70 ವರ್ಷಕ್ಕಿಂತ ಕಿರಿಯರಿಗೆ ಸ್ಟೆಂಟ್ ಅಷ್ಟೇ ಒಳ್ಳೆಯದು, ಅದನ್ನು ದಾಟಿದವರಿಗೆ ಶಸ್ತ್ರಚಿಕಿತ್ಸೆಯೇ ಲೇಸು. "ಅಜ್ಜನಿಗೆ ವಯಸ್ಸಾಯಿತು, ಕೊಯ್ಯುವುದು ಬೇಡ, ಸ್ಟೆಂಟ್ ಸಾಕು" ಎಂಬ ನಮ್ಮ ಸಹಜ ಲೆಕ್ಕಕ್ಕೆ ಇದು ತೀರಾ ವಿರುದ್ಧ. ವಯಸ್ಸಾದವರ ನಾಳಗಳು ಅಂಕುಡೊಂಕಾಗಿ ಗಡಸಾಗಿರುವುದರಿಂದ ಕೊಳವೆ ಸಾಗುವ ದಾರಿಯಲ್ಲೇ ಅಪಾಯ ಹೆಚ್ಚುತ್ತದೆ.

ತಲೆಬುರುಡೆಯೊಳಗಿನ ನಾಳ ಬೇರೆ

ನಾವು ವಿಶೇಷವಾಗಿ ಗಮನಿಸಬೇಕಾದ ವಿಷಯ ಇಲ್ಲಿದೆ. ಪಾಶ್ಚಾತ್ಯರಲ್ಲಿ ಕಾಯಿಲೆ ಹೆಚ್ಚಾಗಿ ಕುತ್ತಿಗೆಯ ನಾಳದಲ್ಲಿ ಕಂಡರೆ, ಭಾರತೀಯರೂ ಸೇರಿದಂತೆ ಏಷ್ಯಾದವರಲ್ಲಿ ತಲೆಬುರುಡೆಯೊಳಗಿನ ನಾಳಗಳು ಕಿರಿದಾಗುವುದು ಹೆಚ್ಚು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದಕ್ಕೆ ದೊಡ್ಡ ಕಾರಣಗಳು. ಕುತ್ತಿಗೆಯ ನಾಳದ ಮೇಲೆ ನಡೆದ ಅಧ್ಯಯನದ ಫಲವನ್ನು ತಲೆಯೊಳಗಿನ ನಾಳಕ್ಕೆ ಹಾಗೆಯೇ ಅನ್ವಯಿಸುವಂತಿಲ್ಲ.

ಇದನ್ನು ಕಲಿಸಿದ್ದು ಅಮೆರಿಕದ 'ಸ್ಯಾಂಪ್ರಿಸ್' ಅಧ್ಯಯನ. ಮೆದುಳಿನ ದೊಡ್ಡ ನಾಳ ಶೇ. 70ರಿಂದ 99ರಷ್ಟು ಕಿರಿದಾಗಿ ಈಚೆಗಷ್ಟೇ ಪಾರ್ಶ್ವವಾಯು ಆಗಿದ್ದವರಲ್ಲಿ ಕೆಲವರಿಗೆ ಸ್ಟೆಂಟ್ ಮತ್ತು ಔಷಧ, ಉಳಿದವರಿಗೆ ಬಿಗಿಯಾದ ಔಷಧ ಚಿಕಿತ್ಸೆ ಮಾತ್ರ ಕೊಡಲಾಯಿತು. 451 ಮಂದಿ ಸೇರಿದ ಹೊತ್ತಿಗೆ, 2011ರ ಏಪ್ರಿಲ್‌ನಲ್ಲಿ, ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಏಕೆಂದರೆ 30 ದಿನಗಳೊಳಗೆ ಸ್ಟೆಂಟ್ ಗುಂಪಿನ ಶೇ. 14.7 ಮಂದಿ ಮತ್ತೆ ಪಾರ್ಶ್ವವಾಯುವಿಗೆ ಅಥವಾ ಸಾವಿಗೆ ಈಡಾಗಿದ್ದರು. ಔಷಧದ ಗುಂಪಿನಲ್ಲಿ ಅದು ಶೇ. 5.8 ಮಾತ್ರ. ಮೆದುಳಿನ ನಾಳಗಳ ಗೋಡೆ ತೆಳು. ಅವುಗಳಿಂದ ಕೂದಲಿನಷ್ಟು ಸಣ್ಣ ಕವಲುಗಳು ಹೊರಟು ಮೆದುಳಿನ ಆಳಕ್ಕೆ ಇಳಿಯುತ್ತವೆ. ಜಾಲರಿ ಪದರವನ್ನು ಒತ್ತಿದಾಗ ಆ ಕವಲುಗಳ ಬಾಯಿ ಮುಚ್ಚಬಹುದು, ಗೋಡೆ ಹರಿದು ರಕ್ತಸ್ರಾವವೂ ಆಗಬಹುದು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಆ ಸ್ಟೆಂಟ್‌ನ ಬಳಕೆಯನ್ನು ಬಹಳ ಕೆಲವೇ ರೋಗಿಗಳಿಗೆ ಸೀಮಿತಗೊಳಿಸಿತು. 2022ರಲ್ಲಿ ಚೀನಾದಿಂದ ಬಂದ ಅಧ್ಯಯನದಲ್ಲಿ, ನುರಿತ ಕೈಗಳು ಹೆಚ್ಚು ಎಚ್ಚರದಿಂದ ಮಾಡಿದಾಗ ಅಪಾಯ ಕಡಿಮೆಯಾಯಿತಾದರೂ ಔಷಧಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಬಾಗಿಲು ಪೂರ್ತಿ ಮುಚ್ಚಿದೆ ಎಂದೂ ಹೇಳಲಾಗದು. 2024ರಲ್ಲಿ ಚೀನಾದ ವೈದ್ಯರೇ ಇನ್ನೊಂದು ವರದಿ ಕೊಟ್ಟರು. ಜಾಲರಿ ಇಡದೆ, ನಾಳಕ್ಕಿಂತ ಕೊಂಚ ಚಿಕ್ಕದಾದ ಬಲೂನನ್ನು ನಿಧಾನವಾಗಿ ಉಬ್ಬಿಸಿ ತೆಗೆದಾಗ, ಒಂದು ವರ್ಷದ ಅವಧಿಯಲ್ಲಿ ಪಾರ್ಶ್ವವಾಯು, ಸಾವು ಅಥವಾ ನಾಳವನ್ನು ಮತ್ತೆ ತೆರೆಯಬೇಕಾದ ಸಂದರ್ಭ ಶೇ. 4.4 ಮಂದಿಗೆ ಮಾತ್ರ ಬಂತು. ಬರೀ ಔಷಧದ ಗುಂಪಿನಲ್ಲಿ ಅದು ಶೇ. 13.5. ಇದು ಆಶಾದಾಯಕ ಸುದ್ದಿಯೇ. ಆದರೂ ಬಲೂನಿನಿಂದ ನಾಳದ ಒಳಪದರ ಸೀಳಿದ ಪ್ರಕರಣಗಳು ಅದರಲ್ಲಿ ಕಡಿಮೆ ಇರಲಿಲ್ಲ. ಒಂದೇ ದೇಶದ ನುರಿತ ಕೇಂದ್ರಗಳಲ್ಲಿ ನಡೆದದ್ದು ಬೇರೆಡೆಯೂ ದೃಢವಾಗುವ ಮುನ್ನ ಅದನ್ನೇ ಎಲ್ಲರಿಗೂ ಮದ್ದೆನ್ನಲಾಗದು.

ಹೊಸ ಫಲಿತಾಂಶದ ಒಳಗೆ

ಈಗ ಕ್ರೆಸ್ಟ್-2ರ ಅಂಕಿಗಳನ್ನು ನೋಡೋಣ. ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದರೂ ಲಕ್ಷಣಗಳಿಲ್ಲದ ಸುಮಾರು 2,500 ಮಂದಿ ಇದರಲ್ಲಿದ್ದರು. ಸ್ಟೆಂಟ್ ಭಾಗದಲ್ಲಿ, ನಾಲ್ಕು ವರ್ಷಗಳಲ್ಲಿ ಬರೀ ಔಷಧ ಪಡೆದವರಲ್ಲಿ ಶೇ. 6.0, ಸ್ಟೆಂಟ್ ಕೂಡ ಪಡೆದವರಲ್ಲಿ ಶೇ. 2.8 ಮಂದಿಗೆ ತೊಂದರೆಯಾಯಿತು. ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಈ ಅಂಕಿಗಳು ಶೇ. 5.3 ಮತ್ತು 3.7. ಎರಡನೆಯ ವ್ಯತ್ಯಾಸ ಕೇವಲ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು.

ಇದನ್ನು ಹೀಗೆ ಓದಬೇಕು. ಲಕ್ಷಣವಿಲ್ಲದ 100 ಮಂದಿಗೆ ಸ್ಟೆಂಟ್ ಹಾಕಿದರೆ ನಾಲ್ಕು ವರ್ಷಗಳಲ್ಲಿ ಸುಮಾರು 3 ಮಂದಿ ಪಾರ್ಶ್ವವಾಯುವಿನಿಂದ ಪಾರಾಗುತ್ತಾರೆ. ಆದರೆ ಔಷಧ ಮಾತ್ರ ತೆಗೆದುಕೊಂಡ 100ರಲ್ಲಿ 94 ಮಂದಿ ಯಾವ ಸ್ಟೆಂಟೂ ಇಲ್ಲದೆ ಕ್ಷೇಮವಾಗಿಯೇ ಇದ್ದರು. ಅಲ್ಲದೆ, ಅಲ್ಲಿ ಸ್ಟೆಂಟ್ ಇರಿಸಿದ ವೈದ್ಯರನ್ನು ಅವರ ಹಿಂದಿನ ಕೆಲಸವನ್ನು ಪರಿಶೀಲಿಸಿಯೇ ಆರಿಸಲಾಗಿತ್ತು. ಔಷಧ ಚಿಕಿತ್ಸೆಯೂ ಬಿಗಿಯಾಗಿತ್ತು. ಈ ಫಲಿತಾಂಶದಿಂದ ಸ್ಟೆಂಟ್‌ಗೆ ಗೌರವ ಬಂದಿದೆ, ಅವಸರಕ್ಕೆ ಅನುಮತಿ ಬಂದಿಲ್ಲ.

ಯಾವಾಗ ಅವಸರ?

ಅವಸರ ಬೇಕಾದ ಜಾಗವೇ ಬೇರೆ. ಹತ್ತು ನಿಮಿಷ ಬಾಯಿ ಸೊಟ್ಟಗಾಯಿತು, ಆಮೇಲೆ ಸರಿಯಾಯಿತು. ಊಟದ ಹೊತ್ತಿಗೆ ಕೈಯಿಂದ ತುತ್ತು ಜಾರಿತು, ಸಂಜೆಗೆ ಕೈ ಸರಿಯಾಯಿತು. ಒಂದು ಕಣ್ಣಿನ ಮುಂದೆ ಪರದೆ ಇಳಿದಂತಾಗಿ ಮತ್ತೆ ಬೆಳಕಾಯಿತು. ಮಾತು ತೊದಲಿ ಸರಿಹೋಯಿತು. ಇಂಥದ್ದನ್ನು ನಾವು ಬಿ.ಪಿ. ಏರಿದ್ದೆಂದೋ, ಗ್ಯಾಸ್ ಎಂದೋ, ಬಿಸಿಲಿನ ಬಳಲಿಕೆ ಎಂದೋ ಬಿಟ್ಟುಬಿಡುತ್ತೇವೆ. ವೈದ್ಯರು ಇದನ್ನೇ ಲಘು ಪಾರ್ಶ್ವವಾಯು ಎನ್ನುತ್ತಾರೆ. ದೊಡ್ಡ ಪಾರ್ಶ್ವವಾಯು ಬರುವ ಮುನ್ನ ದೇಹ ಕೊಡುವ ಎಚ್ಚರಿಕೆಯ ಗಂಟೆ ಇದು.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ. ಲಘು ಪಾರ್ಶ್ವವಾಯು ಆದವರಿಗೆ ತಡಮಾಡದೆ ಪರೀಕ್ಷೆ ನಡೆಸಿ ಕೂಡಲೇ ಔಷಧ ಆರಂಭಿಸಿದಾಗ, 90 ದಿನಗಳಲ್ಲಿ ಮತ್ತೆ ಪಾರ್ಶ್ವವಾಯು ಬರುವ ಪ್ರಮಾಣ ಶೇ. 10.3ರಿಂದ ಶೇ. 2.1ಕ್ಕೆ ಇಳಿಯಿತು. ಬಳಸಿದ್ದು ಸಾಮಾನ್ಯ ಔಷಧಗಳನ್ನೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಬ್ಬು ಇಳಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ. ಬದಲಾದದ್ದು ಸಮಯ ಮಾತ್ರ.

ಶಸ್ತ್ರಚಿಕಿತ್ಸೆಗೂ ಇದೇ ಮಾತು ಸಲ್ಲುತ್ತದೆ. 2004ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದದ್ದೇನೆಂದರೆ, ಲಕ್ಷಣ ಕಂಡ ಎರಡು ವಾರಗಳೊಳಗೆ ಕುತ್ತಿಗೆಯ ನಾಳದ ಶಸ್ತ್ರಚಿಕಿತ್ಸೆ ಮಾಡಿದರೆ ಪ್ರತಿ 5 ಮಂದಿಯಲ್ಲಿ ಒಬ್ಬರು ಐದು ವರ್ಷಗಳ ಅವಧಿಯಲ್ಲಿ ಬರಬಹುದಾದ ಪಾರ್ಶ್ವವಾಯುವಿನಿಂದ ಪಾರಾಗುತ್ತಾರೆ. 12 ವಾರ ಕಳೆದ ಮೇಲೆ ಮಾಡಿದರೆ ಒಬ್ಬರನ್ನು ಪಾರುಮಾಡಲು 125 ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. "ಹಬ್ಬ ಮುಗಿಯಲಿ", "ಮಗ ಗಲ್ಫ್‌ನಿಂದ ರಜೆಯಲ್ಲಿ ಬರಲಿ" ಎಂದು ಮುಂದೂಡಿದರೆ ಚಿಕಿತ್ಸೆಯ ಸಾರವೇ ಹೋಗಿಬಿಡುತ್ತದೆ. ದೊಡ್ಡ ಪಾರ್ಶ್ವವಾಯು ಆಗಿ ಮೆದುಳಿಗೆ ಹೆಚ್ಚು ಪೆಟ್ಟು ಬಿದ್ದವರಲ್ಲಿ ಮಾತ್ರ ರಕ್ತಸ್ರಾವದ ಭಯದಿಂದ ವೈದ್ಯರೇ ಕೆಲವು ವಾರ ಕಾಯಲು ಹೇಳಬಹುದು.

ಇನ್ನು ಕೈಕಾಲು ಬಿದ್ದು ಸರಿಯಾಗದೇ ಇದ್ದರೆ ಗಂಟೆಗಳ ಲೆಕ್ಕ. ಹೆಪ್ಪು ಕರಗಿಸುವ ಇಂಜೆಕ್ಷನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದಲ್ಲಿ ಸಿಕ್ಕಿದ ಹೆಪ್ಪನ್ನು ಕೊಳವೆಯ ಮೂಲಕ ಎಳೆದು ತೆಗೆಯುವ ಚಿಕಿತ್ಸೆ 2015ರಿಂದ ಜಗತ್ತಿನಾದ್ಯಂತ ಒಪ್ಪಿಗೆ ಪಡೆದಿದ್ದು, ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಸಾಧ್ಯ. 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಬೇಕು. ಮೊದಲು ಎಣ್ಣೆ ತಿಕ್ಕಿಸಿ, ನಾಟಿ ಮದ್ದು ಕುಡಿಸಿ, ಆಮೇಲೆ ನೋಡೋಣ ಎನ್ನುವ ಒಂದು ದಿನ ಮತ್ತೆ ಸಿಗುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಸ್ಟೆಂಟ್ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಒಡವೆ ಅಡವಿಡುವ ಮುನ್ನ, ನೆರವಿಗಾಗಿ ಮನವಿ ಮಾಡುವ ಮುನ್ನ ಕುಟುಂಬದವರು ವೈದ್ಯರಲ್ಲಿ ಕೆಲವು ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ, ಹಕ್ಕು.

ಮೊದಲನೆಯದಾಗಿ, ಕಿರಿದಾಗಿರುವುದು ಕುತ್ತಿಗೆಯ ನಾಳವೋ, ತಲೆಯೊಳಗಿನದೋ?

ಎರಡನೆಯದಾಗಿ, ಈಗ ಬಂದ ಪಾರ್ಶ್ವವಾಯುವಿಗೆ ಈ ನಾಳವೇ ಕಾರಣವೋ, ಅಥವಾ ಪರೀಕ್ಷೆ ಮಾಡುವಾಗ ಅಕಸ್ಮಾತ್ ಕಂಡದ್ದೋ? ಹೃದಯದ ಬಡಿತ ಏರುಪೇರಾಗಿ ಅಲ್ಲಿಂದ ಹೆಪ್ಪು ಬಂದಿದ್ದರೆ ಕುತ್ತಿಗೆಯ ಚಿಕಿತ್ಸೆ ಅದನ್ನು ತಡೆಯದು.

ಮೂರನೆಯದಾಗಿ, ಡಾಪ್ಲರ್ ಪರೀಕ್ಷೆಯಲ್ಲಿ ಕಂಡದ್ದನ್ನು ಸಿ.ಟಿ. ಆಂಜಿಯೋಗ್ರಾಂ ಮುಂತಾದ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಲಾಗಿದೆಯೇ?

ನಾಲ್ಕನೆಯದಾಗಿ, ಈ ಚಿಕಿತ್ಸೆ ಮಾಡುವ ತಂಡದ ಕೈಯಲ್ಲಿ ಪಾರ್ಶ್ವವಾಯು ಅಥವಾ ಸಾವಿನ ಪ್ರಮಾಣ ಎಷ್ಟು? ಕ್ಯಾರೋಟಿಡ್ ಚಿಕಿತ್ಸೆಯಲ್ಲಿ, ಲಕ್ಷಣ ಕಂಡವರಲ್ಲಿ ಅದು ಶೇ. 6ಕ್ಕಿಂತ, ಲಕ್ಷಣವಿಲ್ಲದವರಲ್ಲಿ ಶೇ. 3ಕ್ಕಿಂತ ಕಡಿಮೆ ಇರಬೇಕೆಂಬುದು ವೈದ್ಯಲೋಕವೇ ಹಾಕಿಕೊಂಡ ಮಿತಿ.

ಐದನೆಯದಾಗಿ, ಆಮೇಲೆ ಯಾವ ಮಾತ್ರೆ, ಎಷ್ಟು ಕಾಲ? ಸ್ಟೆಂಟ್ ಆದವರು ಹೆಪ್ಪು ತಡೆಯುವ ಮಾತ್ರೆಗಳನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಿದರೆ ಜಾಲರಿಯಲ್ಲೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಯುಷ್ಮಾನ್ ಕಾರ್ಡ್ ಇದ್ದವರು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾಗುವಾಗಲೇ ಭೇಟಿಯಾಗುವುದು ಒಳಿತು.

ಮನೆಮನೆ ಭೇಟಿ ಮಾಡುವವರಿಗೆ

ಎಲ್ಲ ಅಧ್ಯಯನಗಳಲ್ಲೂ ಬದಲಾಗದೆ ಉಳಿದ ಒಂದು ಅಂಶವಿದೆ. ಕತ್ತರಿ ಗೆದ್ದರೂ ಸ್ಟೆಂಟ್ ಗೆದ್ದರೂ ಎರಡೂ ಗುಂಪಿನವರು ಔಷಧ ತೆಗೆದುಕೊಳ್ಳಲೇಬೇಕಾಗಿತ್ತು. ಒಂದು ನಾಳವನ್ನು ಸರಿಪಡಿಸಿದರೂ ಕಾಯಿಲೆ ದೇಹದ ಎಲ್ಲ ನಾಳಗಳಲ್ಲಿರುತ್ತದೆ. ರಕ್ತದೊತ್ತಡ, ಸಕ್ಕರೆ, ಕೊಬ್ಬು ಹತೋಟಿಯಲ್ಲಿರಬೇಕು, ಬೀಡಿ ಸಿಗರೇಟು ಬಿಡಬೇಕು. ಈ ಔಷಧಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ದೊಡ್ಡ ಚಿಕಿತ್ಸೆಗೆ ಸಾಲ ಮಾಡಿ, ಆಮೇಲೆ ತಿಂಗಳ ಮಾತ್ರೆಗೆ ಹಣವಿಲ್ಲವೆಂದು ಬಿಟ್ಟವರ ಮನೆಗಳನ್ನು ನಾವು ಕಂಡಿದ್ದೇವೆ. ಇಂಥ ಕಡೆ ಒಮ್ಮೆಗೇ ದೊಡ್ಡ ಮೊತ್ತ ಕೊಡುವ ಬದಲು ತಿಂಗಳು ತಿಂಗಳು ಮಾತ್ರೆ ತಂದುಕೊಡುವ ಸಣ್ಣ ನೆರವು ಹೆಚ್ಚು ಕಾಲ ಫಲ ಕೊಡುತ್ತದೆ.

ವಾರ್ಡಿನ ಗುರಿಕಾರರು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು, ಹಾಸಿಗೆ ಹಿಡಿದವರನ್ನು ಭೇಟಿ ಮಾಡುವ ಭಗಿನಿಯರು ಇದರಲ್ಲಿ ವೈದ್ಯರಿಗಿಂತ ಮೊದಲು ಮನೆಯ ಸುದ್ದಿ ತಿಳಿಯುವವರು. ಬಾಯಿ ಸೊಟ್ಟಗಾಗಿ ಹತ್ತೇ ನಿಮಿಷದಲ್ಲಿ ಸರಿಯಾಯಿತು ಎಂದು ಯಾರಾದರೂ ನಗುತ್ತಾ ಹೇಳಿದರೆ, ಅವರನ್ನು ಆ ದಿನವೇ ಆಸ್ಪತ್ರೆಗೆ ಹೊರಡಿಸಿ. ಏನೂ ತೊಂದರೆಯಿಲ್ಲದವರು ತಪಾಸಣೆಯ ರಿಪೋರ್ಟ್ ಹಿಡಿದು, ನಾಳ ಕಿರಿದಾಗಿದೆ, ನಾಳೆಯೇ ಸ್ಟೆಂಟ್ ಹಾಕಿಸಬೇಕಂತೆ ಎಂದು ಗಾಬರಿಯಿಂದ ಬಂದರೆ, ಮಾತ್ರೆ ಇಂದೇ ಆರಂಭಿಸಿ, ಉಳಿದದ್ದನ್ನು ಇನ್ನೊಬ್ಬ ತಜ್ಞರಲ್ಲಿ ಕೇಳಿ ನಿರ್ಧರಿಸಲು ಸಮಯವಿದೆ ಎಂದು ಧೈರ್ಯ ಹೇಳಿ.